ಬಸವಮ್ಮನಿಗೆ ಸುಸ್ತಾಗುವುದಿಲ್ಲ

ಬಸವಮ್ಮನಿಗೆ ಸುಸ್ತಾಗುವುದಿಲ್ಲ. ಇದು ನಮ್ಮ ನಿಮ್ಮ ಮಾತಲ್ಲ, ಕಂಪ್ಯೂಟರಿನ ಮಾತು. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ಮಲ್ಲೇಶ್ವರದ ಕರುಣಾಕಟಾಕ್ಷ ಸೇವಾ ಟ್ರಸ್ಟಿನ ಕಾರ್ಯದರ್ಶಿ ರಾಮಾನುಜ ಅವರು ಖುದ್ದಾಗಿ ಹೇಳಿದ್ದಾರೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತು ನಿವೃತ್ತರಾದವರು. ಅವರ ಮಾತಿನ ಮೇಲೆ ಇನ್ನೊಂದು ಮಾತುಂಟೇ?

ಹಾಗಾಗಿ ಎಂಟನೇ ಕ್ರಾಸಿನ ತಿರುವಿನಲ್ಲಿ ಕಸದ ಗಾಡಿಯ ಹಿಡಿಗೆ ಹಣೆ ಒತ್ತಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತ ನಿಂತಿದ್ದವಳು ಬಸವಮ್ಮ ಅಲ್ಲ ಎಂದೇ ತಿಳಿಯಬೇಕು. ಕಣ್ಣು ಕತ್ತಲೆ ಬಂದು ಫುಟ್‌ಪಾತಿನ ಅಂಚಿಗೆ ಕುಸಿದವಳೂ ಅವಳಲ್ಲ. ಹೂವಿನ ಅಂಗಡಿಯವಳು ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿ, "ಏನಾಯ್ತೇ ಬಸವಮ್ಮ" ಎಂದು ಕೂಗಿದ್ದಳಲ್ಲ, ಪಾಪ, ಅವಳಿಗೆ ಕಂಪ್ಯೂಟರಿನಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ.

ಬಸವಮ್ಮನಿಗೆ ನಲವತ್ತೇಳು ವರ್ಷ. ಮನೆ ಶ್ರೀರಾಂಪುರ. ಇಪ್ಪತ್ತೆರಡು ವರ್ಷದಿಂದ ಮಲ್ಲೇಶ್ವರದ ರಸ್ತೆ ಗುಡಿಸುವ ಕೆಲಸ. ಗಂಡ ಸತ್ತು ಒಂಬತ್ತು ವರ್ಷ. ಮಗ ವಸಂತ್ ಗ್ಯಾರೇಜಿನಲ್ಲಿದ್ದಾನೆ. ಮೂರು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಮಂಗಳವಾರ, ಶುಕ್ರವಾರ ಟ್ರಸ್ಟಿನ ಡಯಾಲಿಸಿಸ್. ಆ ಎರಡು ದಿನ ಮೇಸ್ತ್ರಿ ಅವಳನ್ನು ಹನ್ನೊಂದೂವರೆಗೆ ಬಿಡುತ್ತಾನೆ. ಅವನದು ದೊಡ್ಡ ಮನಸ್ಸು. ಬದಲಿಗೆ ಭಾನುವಾರ ಪೂರ್ತಿ ದುಡಿಸಿಕೊಳ್ಳುತ್ತಾನೆ, ಅಷ್ಟೇ.

ಟ್ರಸ್ಟಿನಲ್ಲಿ ಎರಡು ಪಾಳಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಸೇವಾ ಪಾಳಿ. ಕಾರ್ಡಿನವರಿಗೆ, ಪುಕ್ಕಟೆ. ನಾಲ್ಕೂವರೆಯಿಂದ ಗೌರವ ಪಾಳಿ. ಗೌರವಧನ ಕೊಡುವವರಿಗೆ. ಗೌರವದವರು ಮುಂದಿನ ಗೇಟಿನಿಂದ ಬರುತ್ತಾರೆ. ಸೇವೆಯವರು ಪಕ್ಕದ ಓಣಿಯಿಂದ, ಜನರೇಟರಿನ ಪಕ್ಕ ಹಾದು. ಭೇದಭಾವ ಎಂದುಕೊಳ್ಳಬೇಡಿ. ಮುಂದಿನ ಜಗುಲಿಗೆ ಹಳೇ ಕಾಲದ ಕೆಂಪು ಗಾರೆ ನೆಲವಿದೆ, ಹವಾಯಿ ಚಪ್ಪಲಿಯ ಧೂಳು ಅದಕ್ಕೆ ಆಗಿಬರುವುದಿಲ್ಲವಂತೆ.

ಕಿಡ್ನಿ ಹೋದವರಿಗೆ ಬರೀ ಮೈಯ ಕೊಳೆ ತೆಗೆದರೆ ಸಾಲದು, ರಕ್ತವೂ ಇಳಿಯುತ್ತ ಹೋಗುತ್ತದೆ. ಅಲ್ಲಿನ ಟೆಕ್ನಿಶಿಯನ್ ಹುಡುಗಿ ಯಶಶ್ರೀ ಇದನ್ನು ಬಸವಮ್ಮನಿಗೆ ಮೊದಲ ವಾರವೇ ಬಿಡಿಸಿ ಹೇಳಿದ್ದಳು. "ರಕ್ತ ಮಾಡು ಅಂತ ಮೂಳೆಗೆ ಹೇಳೋದು ಕಿಡ್ನಿ, ಅಕ್ಕಾ. ಈಗ ಹೇಳೋರಿಲ್ಲ. ಈ ಸೂಜಿ ಹೋಗಿ ಹೇಳತ್ತೆ." ವಾರಕ್ಕೆರಡು ಸಲ ಆ ಸೂಜಿ. ಹಾಕಿಸಿಕೊಂಡ ಎರಡು ತಿಂಗಳಿಗೆ ಅವಳ ರಕ್ತ ಏಳರಿಂದ ಹತ್ತಕ್ಕೆ ಏರಿತು. ಗಾಡಿ ಮತ್ತೆ ಅವಳ ಮಾತು ಕೇಳತೊಡಗಿತು. ಹಸಿ ಕಸ ತುಂಬಿದ ಗಾಡಿ, ಮಳೆ ಬಂದ ಮಾರನೆಯ ದಿನ ಅದರ ತೂಕ ಎಂಥದೆಂದು ತಳ್ಳಿದವರಿಗೇ ಗೊತ್ತು. ಆ ಸೂಜಿ ಇದ್ದರೆ ಗಾಡಿ. ಗಾಡಿ ಇದ್ದರೆ ಹಾಜರಿ. ಹಾಜರಿ ಇದ್ದರೆ ಮನೆ. ಬಸವಮ್ಮನ ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನ ಶಾಸ್ತ್ರ ಯಾವುದೂ ಇರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿರುವಾಗ ಟ್ರಸ್ಟಿಗೆ ದುಡ್ಡು ಕೊಡುವ ದೊಡ್ಡವರಿಗೆ ಒಂದು ಸಂಶಯ ಬಂತು. ಈ ಸೂಜಿಗೆ ಇಷ್ಟು ಹಣ ಸುರಿಯುತ್ತಿದ್ದೇವೆ, ಇದರಿಂದ ರೋಗಿಗಳ ಸುಖ ಎಷ್ಟು ಹೆಚ್ಚಿತು? ಅಳೆದು ಹೇಳಿ ಎಂದರು. ಬೇಳೆಯಲ್ಲ, ಬಟ್ಟೆಯಲ್ಲ, ಸುಖ. ಅದನ್ನು ಅಳೆಯಲು ಆರಾಧನಾ ಬಂದಳು.

ಆರಾಧನಾ ಒಳ್ಳೆಯ ಹುಡುಗಿ. ಇದನ್ನು ಕುಹಕವಿಲ್ಲದೆ ಹೇಳುತ್ತಿದ್ದೇನೆ. ಎಲ್ಲರನ್ನೂ ನೀವು, ಅಮ್ಮ ಎಂದೇ ಮಾತಾಡಿಸುತ್ತಿದ್ದಳು. ಕೈಯಲ್ಲೊಂದು ಟ್ಯಾಬು, ಅದರಲ್ಲಿ ಹನ್ನೆರಡು ಪ್ರಶ್ನೆ. ಎರಡು ತಿಂಗಳು ಸೂಜಿ ಕೊಟ್ಟು ಕೇಳುವುದು, ಎರಡು ತಿಂಗಳು ಸೂಜಿ ನಿಲ್ಲಿಸಿ ಕೇಳುವುದು. ಎರಡೂ ಪಾಳಿಗೆ ಒಂದೇ ನಿಯಮ, ಒಂದೇ ಪ್ರಶ್ನೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂಬ ಗಾದೆ ಹಳೆಯದಾಯಿತು. ಈಗ ಅದಕ್ಕೆ ಅಧ್ಯಯನ ಎನ್ನುತ್ತಾರೆ.

ಸೂಜಿ ನಿಂತ ಎರಡನೇ ತಿಂಗಳು ಅವಳು ಬಸವಮ್ಮನ ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂತಳು.

"ಹೇಗಿದೀರಮ್ಮಾ?"

"ಚೆನ್ನಾಗಿದೀನಿ ಮೇಡಂ."

"ದಿನದ ಕೆಲಸ ಮಾಡೋವಾಗ ಸುಸ್ತಾಗತ್ತಾ? ಇಲ್ಲ, ಸ್ವಲ್ಪ, ಬಹಳ. ಮೂರರಲ್ಲಿ ಒಂದು ಹೇಳಿ."

"ಇಲ್ಲ ಮೇಡಂ."

"ಭಾರ ಎತ್ತಕ್ಕೆ ಕಷ್ಟ ಆಗತ್ತಾ? ಈಗ, ಒಂದು ತರಕಾರಿ ಚೀಲ ಅಂದ್ಕೊಳ್ಳಿ."

ಬಸವಮ್ಮನಿಗೆ ನಗು ಬಂತು. "ತರ್ಕಾರಿ ಚೀಲಾನಾ? ಅದೇನ್ ಭಾರ ಮೇಡಂ!"

"ಎರಡು ಮಹಡಿ ಹತ್ತೋವಾಗ ಏದುಸಿರು ಬರತ್ತಾ?"

"ನಮ್ದು ಶೀಟಿನ ಮನೆ ಮೇಡಂ. ಮಹಡಿ ಎಲ್ಲಿಂದ ತರ್ಲಿ?"

"ಸುಸ್ತಾಗತ್ತೆ ಅಂತ ಯಾವುದಾದ್ರೂ ಹವ್ಯಾಸ ಬಿಟ್ಟಿದೀರಾ?"

"ಹಂಗಂದ್ರೆ?"

"ಅಂದ್ರೆ ಖುಷಿಗೆ ಮಾಡೋದು. ಓದೋದು, ಸಂಗೀತ ಕಚೇರಿಗೆ ಹೋಗೋದು, ಸಂಜೆ ವಾಕಿಂಗ್..."

"ಅಂಥದ್ದೇನೂ ಬಿಟ್ಟಿಲ್ಲ ಮೇಡಂ."

ನಿಜವೇ. ಹಿಡಿದದ್ದಿದ್ದರೆ ತಾನೇ ಬಿಡುವುದು. ಆರಾಧನಾ ಎಲ್ಲಕ್ಕೂ ತೊಂದರೆ ಇಲ್ಲ, ತೊಂದರೆ ಇಲ್ಲ ಎಂದು ಒತ್ತಿಕೊಂಡು ಹೋದಳು. ಪಕ್ಕದ ಹಾಸಿಗೆಯಲ್ಲಿ ಇಸ್ತ್ರಿ ಆಂಜಿನಯ್ಯ ಇದ್ದ. ಹದಿನೈದನೇ ಕ್ರಾಸಿನಲ್ಲಿ ತಳ್ಳುಗಾಡಿಯ ಮೇಲೆ ಇದ್ದಿಲಿನ ಪೆಟ್ಟಿಗೆ ಹಿಡಿದು ಬಟ್ಟೆ ತೀಡುವವನು. ಅವನ ತುಟಿ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು. ಅವನೂ ಹೇಳಿದ್ದು ಅದೇ. "ನಿಮ್ಮ ದಯೆ ತಾಯಿ, ಚೆನ್ನಾಗಿದೀನಿ."

ಇವರೇಕೆ ಹೀಗೆ ಸುಳ್ಳು ಹೇಳಿದರು? ಸುಳ್ಳಲ್ಲ ಸ್ವಾಮಿ, ಅದು ನಾಲಿಗೆಯ ರೂಢಿ. ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಸಾಲಾಗಿ ನಿಲ್ಲಿಸಿ ಮುಖ ನೋಡುತ್ತಾನೆ. "ಏನಮ್ಮ, ಸುಸ್ತಾ?" ಅದು ಕ್ಷೇಮಸಮಾಚಾರವಲ್ಲ. ಹೌದು ಎಂದವಳು ಆವತ್ತು ಮನೆಗೆ. ಮೂರು ಸಲ ಹೌದು ಎಂದವಳು ಖಾಯಂ ಮನೆಗೆ. ಬಾಣಂತನದ ಹತ್ತೊಂಬತ್ತನೇ ದಿನ ಬಸವಮ್ಮ ಪೊರಕೆ ಹಿಡಿದಾಗಲೂ ಚೆನ್ನಾಗಿದ್ದಳು. ಗಂಡನ ತಿಥಿ ಮುಗಿಸಿ ಬಂದ ದಿನವೂ ಚೆನ್ನಾಗಿದ್ದಳು. ಅದೂ ಅಲ್ಲದೆ, ಪುಕ್ಕಟೆ ಔಷಧ ಕೊಡುವವರು ಹೇಗಿದೀಯ ಎಂದು ಕೇಳಿದರೆ ಚೆನ್ನಾಗಿಲ್ಲ ಎನ್ನಲಾದೀತೇ? ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಿದಂತಾಗುತ್ತದಲ್ಲ.

ಗೌರವ ಪಾಳಿಯವರಿಗೆ ಅಂಥ ದಾಕ್ಷಿಣ್ಯವಿರಲಿಲ್ಲ. ನಿವೃತ್ತ ಮೇಷ್ಟ್ರು ಶೀನಣ್ಣ ಒಬ್ಬರೇ ಮುಕ್ಕಾಲು ಗಂಟೆ ಉತ್ತರ ಕೊಟ್ಟರು. ಮೆಟ್ಟಿಲು ಹತ್ತಲಾಗುತ್ತಿಲ್ಲ. ಪೇಪರು ಓದುತ್ತಲೇ ತೂಕಡಿಕೆ. ಸಂಗೀತ ಕಚೇರಿಗೆ ಹೋಗಿ ಮೂರನೇ ಕೀರ್ತನೆಗೇ ಎದ್ದು ಬಂದದ್ದು. ಬಾಯಿಗೆ ಕಾಫಿಯ ರುಚಿಯೇ ಹತ್ತದಿರುವುದು. ಅವರದೂ ಸುಳ್ಳಲ್ಲ. ಸುಸ್ತು ಅವರಿಗೂ ನಿಜ. ಆದರೆ ನರಳುವುದಕ್ಕೂ ಒಂದು ವಿದ್ಯೆ ಬೇಕು, ಕೇಳುವವರು ಬೇಕು, ನರಳಿದರೆ ಕೆಲಸ ಹೋಗುವುದಿಲ್ಲ ಎಂಬ ಧೈರ್ಯ ಬೇಕು. ಅದು ಅವರಿಗೆ ಅಪ್ಪನ ಕಾಲದಿಂದ ಬಂದಿತ್ತು.

ಕಂಪ್ಯೂಟರು ಎರಡೂ ಪಾಳಿಯನ್ನು ತೂಗಿತು. ಸೂಜಿ ನಿಂತಾಗ ಗೌರವ ಪಾಳಿಯ ಸುಖ ನೆಲ ಕಚ್ಚಿತ್ತು. ಸೇವಾ ಪಾಳಿಯ ಸುಖ ಒಂದು ಕೂದಲಷ್ಟೂ ಅಲುಗಿರಲಿಲ್ಲ. ರಕ್ತದ ಅಂಕಿ ಇಳಿದಿತ್ತು, ಅದು ಬೇರೆ ವಿಷಯ. "ಅಂಕಿ ಇಳಿದ್ರೇನು, ಅವರಿಗೆ ಏನೂ ಅನ್ನಿಸಿಲ್ಲವಲ್ಲ. ಮೈಗೆ ಅಭ್ಯಾಸ ಆಗಿರತ್ತೆ," ಎಂದರು ರಾಮಾನುಜ. ತೀರ್ಮಾನವಾಯಿತು. ಗೌರವ ಪಾಳಿಗೆ ಸೂಜಿ ಮುಂದುವರಿಕೆ. ಸೇವಾ ಪಾಳಿಗೆ ಬಂದ್.

ಬಸವಮ್ಮ ಹೋಗಿ ಕಾರ್ಯದರ್ಶಿಯ ಮುಂದೆ ನಿಂತಳು. "ಸಾರ್, ನಮ್ಗ್ಯಾಕೆ ಸೂಜಿ ಇಲ್ಲ?"

ರಾಮಾನುಜ ಕಾಗದದಿಂದ ತಲೆಯೆತ್ತದೆ ಹೇಳಿದರು. "ಕಾಸ್ಟ್ ನೋಡ್ಬೇಕಲ್ಲಮ್ಮ. ನಿಮ್ ಪಾಳಿಗೆ ಅದು ಕಾಸ್ಟ್ ಎಫೆಕ್ಟಿವ್ ಆಗಲ್ಲ."

ಬಸವಮ್ಮನಿಗೆ ಅರ್ಥವಾಯಿತು. ಅಂದರೆ, ಅವಳು ಅರ್ಥ ಮಾಡಿಕೊಂಡಳು. ಶುಕ್ರವಾರ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಒಂದು ಕಾಗದ ತಂದು ಅವರ ಮೇಜಿನ ಮೇಲಿಟ್ಟಳು. ಕಾಸ್ಟ್ ಸರ್ಟಿಫಿಕೇಟ್. ಪರಿಶಿಷ್ಟ ಜಾತಿ, ತಹಸೀಲ್ದಾರರ ಸೀಲು. ಸ್ಕೂಲಿಗೆ ಸೇರಿಸುವಾಗ, ಸೈಟಿಗೆ ಅರ್ಜಿ ಹಾಕುವಾಗ, ಎಲ್ಲಿ ಕಾಸ್ಟ್ ಎಂದರೂ ಅವಳು ಕೊಟ್ಟದ್ದು ಇದನ್ನೇ.

"ಕಾಸ್ಟ್ ನೋಡ್ಬೇಕು ಅಂದ್ರಲ್ಲ ಸಾರ್. ಒರಿಜಿನಲ್ಲೇ ತಂದಿದೀನಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ರಾಮಾನುಜ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಶಿಯರು ನಕ್ಕ. ಬಾಗಿಲಲ್ಲಿದ್ದ ಸೆಕ್ಯುರಿಟಿಯವನಿಗೆ ಹೇಳಿ ಅವನನ್ನೂ ನಗಿಸಿದರು. ಆರಾಧನಾ ಮಾತ್ರ ಕೆಂಪಗಾಗಿ, "ಆ ಕಾಸ್ಟ್ ಅಲ್ಲಮ್ಮ. ಇದು ಖರ್ಚು. ಖರ್ಚಿಗೆ ತಕ್ಕ ಪ್ರಯೋಜನ ಇದೆಯಾ ಅಂತ ನೋಡೋದು. ಜಾತಿಗೂ ಇದಕ್ಕೂ ಸಂಬಂಧ ಇಲ್ಲ," ಎಂದಳು.

ಬಸವಮ್ಮ ಕಾಗದವನ್ನು ಮಡಿಸಿ ಕವರಿನೊಳಗೆ ಹಾಕಿಕೊಂಡಳು. ಕಿವಿ ಸುಡುತ್ತಿತ್ತು. ಮುಂದಿನ ಗೇಟಿನಿಂದ ಬರುವವರಿಗೆ ಸೂಜಿ, ಓಣಿಯಿಂದ ಬರುವವರಿಗಿಲ್ಲ. ಇದಕ್ಕೂ ಜಾತಿಗೂ ಸಂಬಂಧವಿಲ್ಲವಂತೆ. ಅವಳು ತಪ್ಪು ತಿಳಿದುಕೊಂಡಿದ್ದಳು, ಓದು ಬರಹ ಇಲ್ಲದವಳು.

ಆ ಮಧ್ಯಾಹ್ನ ಯಶಶ್ರೀ ಡಯಾಲಿಸಿಸ್ಸಿನ ದಪ್ಪ ಸೂಜಿ ಚುಚ್ಚುತ್ತ ಗುಟ್ಟಾಗಿ ಹೇಳಿದಳು. "ಅಕ್ಕಾ, ನೀವೇ ಅಲ್ವಾ ಆ ಮೇಡಂ ಹತ್ರ ಸುಸ್ತಿಲ್ಲ ಅಂದಿದ್ದು? ನೀವೆಲ್ಲಾ ಚೆನ್ನಾಗಿದೀವಿ ಅಂದ್ಬಿಟ್ರಿ. ಸೂಜಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ ಅಂತ ಬರ್ಕೊಂಡ್ರು."

ಬಸವಮ್ಮ ಬೆಚ್ಚಿಬಿದ್ದಳು. "ಅಯ್ಯೋ, ಹೆಂಗಿದೀಯ ಅಂದ್ರೆ ಇನ್ನೇನಂತಾರೆ ಯಶು?"

ಯಶಶ್ರೀ ಸೂಜಿಯ ಮೇಲೆ ಪಟ್ಟಿ ಅಂಟಿಸಿ ಮೆಷಿನ್ ಚಾಲೂ ಮಾಡಿದಳು.

ರಕ್ತ ಎಂಟಾಯಿತು, ಏಳಾಯಿತು, ಆರೂವರೆಯಾಯಿತು. ಗಾಡಿ ಹತ್ತು ಮಾರು ತಳ್ಳಿದರೆ ಎದೆ ಗುದ್ದಾಡುತ್ತಿತ್ತು. ಕಸದ ಬುಟ್ಟಿ ಎತ್ತಲು ಬಗ್ಗಿದರೆ ರಸ್ತೆಯೇ ತಿರುಗುತ್ತಿತ್ತು. ಗುಡಿಸುವವರಿಗೆ ಕೂರುವುದಕ್ಕೆ ಎಲ್ಲಿದೆ ಜಾಗ? ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆ ಮನೆಯವರು ಒಳಗಿನಿಂದಲೇ ಏಳಮ್ಮ ಏಳು ಎನ್ನುತ್ತಾರೆ. ನಿಂತೇ ಸುಧಾರಿಸಿಕೊಳ್ಳುತ್ತಿದ್ದಳು. ಜೊತೆಗೆ ಕೆಲಸ ಮಾಡುವವಳೊಬ್ಬಳು ಅವಳ ಅರ್ಧ ರಸ್ತೆ ಗುಡಿಸಿಕೊಡುತ್ತಿದ್ದಳು. ಮೇಸ್ತ್ರಿ ಎರಡು ಸಲ ನೋಡಿದ. "ಇನ್ನೊಂದ್ಸಲ ನೋಡಿದ್ರೆ ಬೇರೆಯವ್ರನ್ನ ಹಾಕ್ತೀನಿ," ಎಂದ.

ರಕ್ತ ತೀರ ಇಳಿದರೆ ಹೊರಗಿನಿಂದ ಬಾಟಲಿ ರಕ್ತ ಹಾಕಿಸಬೇಕು. ಬಾಟಲಿಗೆ ಬಾಟಲಿ, ಮನೆಯವರೇ ಕೊಡಬೇಕು. ವಸಂತ್ ಒಮ್ಮೆ ಕೊಟ್ಟ. ಮೂರು ತಿಂಗಳಾಗುವ ಮುಂಚೆ ಸುಳ್ಳು ಹೇಳಿ ಇನ್ನೊಮ್ಮೆ ಕೊಟ್ಟ. ಟ್ರಸ್ಟಿನ ಖರ್ಚು ಇಳಿದದ್ದು ನಿಜ. ಅದು ವಸಂತನ ತೋಳಿನಿಂದ ಇಳಿಯುತ್ತಿತ್ತು, ಆ ತೋಳಿಗೆ ಟ್ಯಾಬಿನಲ್ಲಿ ಪ್ರಶ್ನೆ ಇರಲಿಲ್ಲ.

ಆಂಜಿನಯ್ಯನಿಗೆ ರಕ್ತ ಕೊಡುವ ಮಕ್ಕಳೂ ಇರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಎತ್ತಿದವನು ಅದನ್ನು ಕೆಳಗಿಡಲಿಲ್ಲ. ಪೆಟ್ಟಿಗೆಯ ಸಮೇತ ಬಿದ್ದ. ಎದೆ ನಿಂತಿತ್ತು. ಕೆಂಡ ಚೆಲ್ಲಿ ಯಾರದೋ ಬಿಳಿ ಅಂಗಿ ಸುಟ್ಟಿತ್ತು. ಅಂಗಿಯವರು ಬಂದು ಬೇಜಾರು ಮಾಡಿಕೊಂಡು ಹೋದರು. ಅವನ ಹಾಸಿಗೆಗೆ ಮೂರನೇ ದಿನವೇ ಹೊಸಬರು ಬಂದರು.

ಬಸವಮ್ಮ ಅವನ ಮಣ್ಣಿಗೆ ಹೋಗಿ ಬಂದಳು. ಅಳಲಿಲ್ಲ. ಹಿಂದಿನ ಮಂಗಳವಾರ ಅವನು ಹಾಸಿಗೆಯಿಂದ ಏಳಲಾರದೆ ಅವಳ ಕೈ ಹಿಡಿದು, "ಬಸಮ್ಮ, ಒಂಚೂರು ಎಬ್ಬಿಸು," ಎಂದಿದ್ದ. ಅವನನ್ನು ಎಬ್ಬಿಸಿದ್ದು ತಾನು. ಹೇಗಿದೀಯಣ್ಣ ಎಂದು ತಾನೂ ಕೇಳಿದ್ದಳು. ತನಗೂ ಅವನು ಚೆನ್ನಾಗಿದೀನಿ ಎಂದೇ ಹೇಳಿದ್ದ. ಅದನ್ನು ನೆನೆದು ಅವಳಿಗೆ ಉರಿಯಿತು. ಅವನ ಮೇಲೆ ಉರಿಯಿತು, ತನ್ನ ಮೇಲೆ ಉರಿಯಿತು, ಆಮೇಲೆ ಆ ಉರಿ ಸರಿಯಾದ ದಾರಿ ಹಿಡಿಯಿತು.

ಮುಂದಿನ ಮಂಗಳವಾರ ಆರಾಧನಾ ಮತ್ತೆ ಬಂದಳು, ಕೊನೆಯ ಸುತ್ತಿಗೆ. ಇದು ಮುಗಿದರೆ ಟ್ರಸ್ಟಿನ ಉಳಿದ ಆರು ಸೆಂಟರಿಗೂ ಇದೇ ನಿಯಮ. ರಾಮಾನುಜ ಹಿಂದೆ ಕೈ ಕಟ್ಟಿಕೊಂಡು ಜೊತೆಗೆ ನಿಂತಿದ್ದರು.

"ಹೇಗಿದೀರಮ್ಮಾ?"

"ಚೆನ್ನಾಗಿಲ್ಲ."

ಆರಾಧನಾಳ ಬೆರಳು ನಿಂತಿತು.

"ಸುಸ್ತು ಮೇಡಂ. ಬಹಳ ಸುಸ್ತು. ಬೆಳಿಗ್ಗೆ ಎದ್ದು ಸೀರೆ ಸುತ್ತೋಷ್ಟರಲ್ಲಿ ಎರಡ್ ಸಲ ಕೂತ್ಕೋತೀನಿ. ಗಾಡಿ ತಳ್ಳಕ್ಕಾಗಲ್ಲ. ಪೊರಕೆನೇ ಭಾರ. ನಡೀತಾ ನಡೀತಾ ಕಣ್ ಕತ್ಲೆ ಬರತ್ತೆ. ಮಗ ಮಾತಾಡಿದ್ರೆ ಉತ್ರ ಕೊಡಕ್ಕೂ ಉಸ್ರಿಲ್ಲ. ಇಪ್ಪತ್ತೆರಡು ವರ್ಷದಿಂದ ಸುಸ್ತು ಮೇಡಂ. ಅದನ್ನೆಲ್ಲಾ ಬರ್ಕೊಳಿ."

ಆಚೆ ಹಾಸಿಗೆಯ ವಿಶಾಲಮ್ಮ, ಚಪಾತಿ ಲಟ್ಟಿಸಿ ಮಾರುವವಳು, ಎದ್ದು ಕೂತಳು. "ನಂಗೂ ಮೇಡಂ. ಲಟ್ಟಣಿಗೆ ಹಿಡ್ಕೊಂಡ್ರೆ ಕೈ ನಡುಗತ್ತೆ." ಇನ್ನೊಬ್ಬ, "ನಂದೂ ಬರ್ಕೊಳಿ," ಎಂದ. ಹೊಸಬನೊಬ್ಬನನ್ನು ಬಿಟ್ಟು ಉಳಿದ ಏಳೂ ಜನ ಬಾಯಿ ಬಿಟ್ಟರು. ಆ ಕೋಣೆಯಲ್ಲಿ ಅಷ್ಟು ಸುಸ್ತು ಇತ್ತೆಂದು ಗೋಡೆಗಳಿಗೂ ಗೊತ್ತಿರಲಿಲ್ಲ.

ರಾಮಾನುಜರಿಗೆ ತಕ್ಷಣ ಹೊಳೆಯಿತು. "ಯಾರೋ ಹೇಳಿಕೊಟ್ಟಿದಾರೆ! ಮೊನ್ನೆವರೆಗೂ ಚೆನ್ನಾಗಿದ್ರು, ಇವತ್ತು ಎಲ್ಲರಿಗೂ ಒಟ್ಟಿಗೆ ಸುಸ್ತಾ? ಆರಾಧನಾ, ಇದನ್ನ ತಗೋಬೇಡಿ. ಹಳೇ ಉತ್ತರಾನೇ ಇಟ್ಕೊಳ್ಳಿ."

ನೋಡಿ, ಬಡವರು ಚೆನ್ನಾಗಿದೀವಿ ಎಂದರೆ ಅದು ಸಾಕ್ಷಿ. ಚೆನ್ನಾಗಿಲ್ಲ ಎಂದರೆ ಪಿತೂರಿ.

ಯಶಶ್ರೀ ಟ್ರೇ ತಂದಳು. ದಪ್ಪ ಸೂಜಿ ಎರಡು, ಮೆಷಿನ್ ತಯಾರಾಗಿತ್ತು. ಬಸವಮ್ಮ ತನ್ನ ಎಡಗೈಯನ್ನು ಸೆರಗಿನೊಳಗೆ ಹಾಕಿಕೊಂಡಳು.

"ಅಕ್ಕಾ, ಕೈ ಕೊಡಿ."

"ಬರ್ಕೊಂಡ್ ಮೇಲೆ ಕೊಡ್ತೀನಿ."

"ಏನಮ್ಮಾ ಇದು!" ರಾಮಾನುಜ ಗದರಿದರು. "ಡಯಾಲಿಸಿಸ್ ಬೇಡ್ವಾ? ನಷ್ಟ ನಿಂಗೇ."

"ನಂಗೇ. ಗೊತ್ತು."

"ಸತ್ತು ಹೋಗ್ತೀಯ."

"ಆಂಜಿನಯ್ಯ ಕೈ ಕೊಟ್ಟಿದ್ನಲ್ಲ ಸಾರ್, ಬದುಕಿದ್ನಾ?"

ವಿಶಾಲಮ್ಮನೂ ಕೈ ಒಳಗೆಳೆದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ. ಹನ್ನೆರಡೂವರೆ, ಒಂದೂವರೆ, ಎರಡೂವರೆ. ಮೆಷಿನ್ನುಗಳು ಕುಂಯ್ ಕುಂಯ್ ಎನ್ನುತ್ತಲೇ ಇದ್ದವು. ಬಸವಮ್ಮನ ಕಾಲು ಊದಿತ್ತು. ಮೈಯಲ್ಲಿ ನಾಲ್ಕು ದಿನದ ನೀರು, ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿಗೊರಗಿ ಕೂತಿದ್ದಳು. ಭಯವಾಗುತ್ತಿತ್ತು. ಭಯ ಆಗಲಿಲ್ಲ ಎಂದು ಬರೆದರೆ ನಾನೂ ಕಂಪ್ಯೂಟರಿನ ಜಾತಿಗೆ ಸೇರಿಬಿಡುತ್ತೇನೆ.

ನಾಲ್ಕೂಕಾಲಿಗೆ ಮುಂದಿನ ಗೇಟು ತೆರೆಯಿತು. ಶೀನಣ್ಣ ಮೇಷ್ಟ್ರು ಕೋಲೂರಿ ಬಂದರು, ಹಿಂದೆ ಉಳಿದ ಗೌರವಸ್ಥರು. ಹಾಸಿಗೆ ಖಾಲಿ ಇಲ್ಲ. ಏಕೆಂದು ಕೇಳಿದರು. ರಾಮಾನುಜ ಹೇಳಿದರು. ಐದು ನಿಮಿಷ ಕಾದರು. ಆಮೇಲೆ ಆ ಜಗುಲಿಯಲ್ಲಿ ದೂರುಗಳ ಜಡಿಮಳೆ ಹಿಡಿಯಿತು. ಒಬ್ಬರಿಗೆ ತಲೆ ಸುತ್ತು, ಒಬ್ಬರಿಗೆ ಅಳಿಯ ಕಾಯುತ್ತಿದ್ದಾನೆ, ಒಬ್ಬರು ಟ್ರಸ್ಟಿಯ ಷಡ್ಡಕನಿಗೆ ಆಗಲೇ ಫೋನು ಹಚ್ಚಿದ್ದರು. ಶೀನಣ್ಣ ಮಾತ್ರ ಒಳಬಾಗಿಲಿಗೆ ಬಂದು, ಸೆರಗಿನೊಳಗೆ ಕೈಯಿಟ್ಟು ಕೂತವರನ್ನು ಬಹಳ ಹೊತ್ತು ನೋಡಿದರು.

"ರಾಮಾನುಜ, ಇವರಿಗೆ ಸೂಜಿ ಇಲ್ವೇನಯ್ಯಾ?" ಎಂದರು. "ನಮ್ಮ ಹಾಗೆ ಇವರಿಗೂ ಮತ್ತೆ ಶುರುವಾಗಿದೆ ಅಂತ ಅಲ್ವಾ ನಾನು ತಿಳ್ಕೊಂಡಿದ್ದು, ಇವರದ್ದು ಮಾತ್ರ ನಿಲ್ಲಿಸಿದೀರಾ?" ಅಷ್ಟು ಹೇಳಿ ನಿಲ್ಲಲಾರದೆ ಕುರ್ಚಿ ಹುಡುಕಿಕೊಂಡು ಹೋದರು. ಅವರ ರಕ್ತ ಹನ್ನೊಂದಿತ್ತು. ವಯಸ್ಸೂ ಆಗಿತ್ತು.

ಸೇವಾ ಪಾಳಿಯವರ ಪ್ರಾಣಕ್ಕೆ ಕರಗದ ಟ್ರಸ್ಟು ಗೌರವ ಪಾಳಿಯವರ ತಡಕ್ಕೆ ಕರಗಿತು. ಅರ್ಧ ಗಂಟೆಯಲ್ಲಿ ರಾಮಾನುಜ ಫೋನು ಕಿವಿಯಿಂದ ಇಳಿಸಿ ಬಂದರು. "ಆಯ್ತು. ಮಾನವೀಯ ನೆಲೆಯಲ್ಲಿ ಇವತ್ತಿಂದಲೇ ಎಲ್ಲರಿಗೂ ಸೂಜಿ. ಏಳಿ, ಬೇಗ ಬೇಗ ಎರಡೆರಡು ಗಂಟೆ ಮಾಡಿಸ್ಕೊಳ್ಳಿ."

ಕೈಗಳು ಹೊರಬಂದವು. ಯಶಶ್ರೀ ಓಡಾಡಿ ಚುಚ್ಚಿದಳು. ಬಸವಮ್ಮನ ಹತ್ತಿರ ಬಂದಳು. ಕೈ ಸೆರಗಿನೊಳಗೇ ಇತ್ತು.

"ಇನ್ನೇನಮ್ಮ?" ರಾಮಾನುಜರ ದನಿಯಲ್ಲಿ ಅಳು ಬಂದಿತ್ತು. "ಸೂಜಿ ಸಿಕ್ತಲ್ಲ?"

"ನಾನ್ ಕೇಳಿದ್ದು ಸೂಜಿ ಅಲ್ಲ ಸಾರ್. ಬರ್ಕೊಳಿ ಅಂದೆ. ಇಲ್ಲಿ ದಯೆ ತೋರ್ಸಿ ಕೊಡ್ತೀರ. ಅತ್ಲಾಗೆ ಆರು ಸೆಂಟರಲ್ಲಿ ನಮ್ ಉತ್ರ ತೋರ್ಸಿ ನಿಲ್ಲಿಸ್ತೀರ."

ಆರಾಧನಾ ಸ್ಟೂಲು ಎಳೆದುಕೊಂಡಳು. "ಆರಾಧನಾ, ಬೇಡ," ಎಂದರು ರಾಮಾನುಜ. ಅವಳು ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ಪ್ರಶ್ನೆ ಮತ್ತೆ ಕೇಳಿ, ಬಸವಮ್ಮ ಹೇಳಿದ್ದನ್ನೆಲ್ಲ ಒತ್ತಿದಳು. ಬಹಳ, ಬಹಳ, ಬಹಳ. ತರಕಾರಿ ಚೀಲದ ಜಾಗದಲ್ಲಿ ಕಸದ ಗಾಡಿ ಎಂದು ಟೈಪು ಮಾಡಿದಳು. ಮುಗಿಸಿ ತಲೆಯೆತ್ತಿದಳು.

"ಆಯ್ತಮ್ಮ. ಈಗ ಕೈ ಕೊಡಿ."

"ಆಂಜಿನಯ್ಯಂದು ತೆಗೀರಿ."

"ಅಮ್ಮಾ, ಅವರು ಇಲ್ವಲ್ಲ..."

"ಚೆನ್ನಾಗಿದಾನೆ ಅಂತ ಇದೆಯಲ್ಲ ಅದ್ರಲ್ಲಿ?"

ಆರಾಧನಾ ಹುಡುಕಿ ತೆಗೆದಳು. ಇತ್ತು. ಹನ್ನೆರಡಕ್ಕೆ ಹನ್ನೆರಡೂ. ತೊಂದರೆ ಇಲ್ಲ.

"ಅದನ್ನ ಹೊಡ್ದಾಕಿ, ಸತ್ತೋದ ಅಂತ ಬರೀರಿ."

ಹುಡುಗಿ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. ಇಲ್ಲ, ಸ್ವಲ್ಪ, ಬಹಳ. ಇಲ್ಲ, ಸ್ವಲ್ಪ, ಬಹಳ. ಅವಳ ಕಣ್ಣು ತುಂಬಿತ್ತು.

"ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ."

"ಜಾಗ ಮಾಡಿ," ಎಂದಳು ಬಸವಮ್ಮ. ಏದುಸಿರು ಬರುತ್ತಿತ್ತು. ಕೈ ಹೊರಗೆ ತೆಗೆಯಲಿಲ್ಲ.